ಕಬ್ಬಿಣದ ನೆಲದಲ್ಲಿ ಲೋಹಶೋಧಕ: ಹಲಗಲಿಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ನಡೆಸಿದ ಹೋರಾಟವನ್ನು ಕುರಿತು ಕನ್ನಡ ಅಧ್ಯಯನಕಾರರು ಬಳಸುತ್ತ ಬಂದಿರುವ ಆಕರಗಳು ಮುಖ್ಯವಾಗಿ ಎರಡು ಬಗೆಯವು. ಒಂದು, ಆಳುವವರು ಬರೆದಿಟ್ಟ ವರದಿ ಮತ್ತು ಗ್ಯಾಸೆಟಿಯರುಗಳ ಬರೆಹ. ಇನ್ನೊಂದು, ಸೋತವರ ಕಡೆಯಿಂದ ಹುಟ್ಟಿ ಬಾಯಿಂದ ಬಾಯಿಗೆ ಸಾಗಿದ ಲಾವಣಿ. ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಒಪ್ಪದ ಬೇಡರ ಮೇಲೆ ಆ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಬಂದುದು, ಊರಿಗೆ ಬೆಂಕಿ ಬಿದ್ದುದು, ಡಿಸೆಂಬರಿನಲ್ಲಿ ಮುಂದಾಳುಗಳನ್ನು ಗಲ್ಲಿಗೇರಿಸಿದುದು ಎರಡೂ ಕಡೆಗಳಿಂದ ತಿಳಿದುಬರುವ ಸಂಗತಿಗಳು. ಆದರೆ ಕಾಳಗ ಊರಿನ ಯಾವ ದಿಕ್ಕಿನಲ್ಲಿ ಬಿಗಿಯಾಯಿತು, ಗುಂಡು ಎಲ್ಲಿಂದ ಎಲ್ಲಿಗೆ ಹಾರಿತು, ಮನೆಗಳ ನಡುವೆ ನಡೆದುದೆಷ್ಟು, ಬಯಲಿನಲ್ಲಿ ನಡೆದುದೆಷ್ಟು ಎಂಬ ಪ್ರಶ್ನೆಗಳಿಗೆ ಈ ಎರಡೂ ಆಕರಗಳು ಅಳತೆಯ ಉತ್ತರ ಕೊಡುವಂಥವಲ್ಲ. ಅದನ್ನು ಹೇಳಬಲ್ಲ ಮೂರನೆಯ ಸಾಕ್ಷಿ ನೆಲ. ನೆಲವನ್ನು ಅಗೆಯದೆಯೇ ಓದಲು ಯತ್ನಿಸುವ ಉಪಕರಣಗಳಲ್ಲಿ ಲೋಹಶೋಧಕವೂ ಒಂದು.

ಈ ಉಪಕರಣದ ಹೆಸರು ಕೇಳಿದೊಡನೆ ಉತ್ತರ ಕರ್ನಾಟಕದವರ ನೆನಪಿಗೆ ಬರುವುದು ಸಂಶೋಧಕರಲ್ಲ, ನಿಧಿಗಳ್ಳರು. ಅಮಾವಾಸ್ಯೆಯ ರಾತ್ರಿ ಹಾಳುಗುಡಿಯ ಗರ್ಭಗೃಹ ಅಗೆದು, ಶಾಸನದ ಕಲ್ಲನ್ನು ಕೆಡವಿ ಹೋಗುವವರ ಕೈಯಲ್ಲಿ ಇಂದು ಪೂಜೆಯ ನಿಂಬೆಹಣ್ಣಿನ ಜೊತೆಗೆ ಈ ಯಂತ್ರವೂ ಇರುವುದುಂಟು. ಯಂತ್ರ ಕೂಗಿತೆಂದು ಅವರು ಅಗೆಯುತ್ತಾರೆ. ಅದು ಕೂಗಿದ್ದು ಲೋಹಕ್ಕೋ ಮಣ್ಣಿಗೋ ಎಂಬ ವಿವೇಚನೆ ಅಲ್ಲಿರುವುದಿಲ್ಲ. ಕಬ್ಬಿಣಾಂಶ ತುಂಬಿದ ನೆಲದಲ್ಲಿ ಯಂತ್ರ ಅನೇಕ ಸಲ ಕೂಗುವುದು ಮಣ್ಣಿಗೇ. ಹೀಗಾಗಿ ಇಲ್ಲದ ನಿಧಿಗಾಗಿ ಇರುವ ಶಾಸನ ಒಡೆಯುತ್ತದೆ. ಕ್ಷೇತ್ರಕಾರ್ಯಕ್ಕೆ ಹೋಗುವ ಕನ್ನಡ ಸಂಶೋಧಕನು ಯಂತ್ರವನ್ನು ತಾನು ಹಿಡಿಯದಿದ್ದರೂ ಅದರ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ಅರಿತಿರುವುದು ಆವಶ್ಯಕ.

ಯಂತ್ರದ ತತ್ತ್ವ ಸರಳವಾದುದು. ಕೋಲಿನ ತುದಿಯ ತಟ್ಟೆಯೊಳಗೆ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದು ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿದು ನೆಲದೊಳಗೆ ಕಾಂತಕ್ಷೇತ್ರವನ್ನು ಹರಡುತ್ತದೆ. ಆ ಕ್ಷೇತ್ರದಲ್ಲಿ ಲೋಹದ ತುಂಡಿದ್ದರೆ ಅದರ ಮೈಯಲ್ಲಿ ಸುಳಿವಿದ್ಯುತ್ತು ಹುಟ್ಟಿ ಅದು ತನ್ನದೇ ಆದ ಸಣ್ಣ ಕಾಂತಕ್ಷೇತ್ರವನ್ನು ಹಿಂದಿರುಗಿಸುತ್ತದೆ. ಎರಡನೆಯ ಸುರುಳಿ ಅದನ್ನು ಹಿಡಿಯುತ್ತದೆ. ಸೀಸ, ತಾಮ್ರ, ಬೆಳ್ಳಿಗಳ ಮಾರ್ದನಿ ತುಸು ತಡವಾಗಿ ಬರುತ್ತದೆ. ಆ ತಡದ ಪ್ರಮಾಣ ಲೋಹದಿಂದ ಲೋಹಕ್ಕೆ ಬೇರೆ. ಯಂತ್ರವು ಲೋಹದ ಜಾತಿಯನ್ನು ಊಹಿಸುವುದು ಇದರಿಂದ. ಊಹಿಸುವುದು ಎಂಬ ಮಾತನ್ನು ಇಲ್ಲಿ ಉದ್ದೇಶಪೂರ್ವಕವಾಗಿಯೇ ಬಳಸಲಾಗಿದೆ.

1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡನಿಗೆ ಗುಂಡೇಟು ಬಿದ್ದಾಗ ಮೈಯೊಳಗಿನ ಗುಂಡನ್ನು ಹುಡುಕಲು ದೂರವಾಣಿಯ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ತತ್ತ್ವದ ಯಂತ್ರವನ್ನು ತಂದನು. ಪ್ರಯೋಗಗಳಲ್ಲಿ ಕೆಲಸ ಮಾಡಿದ್ದ ಯಂತ್ರ ರೋಗಿಯ ಬಳಿ ಸೋತಿತು. ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ದನಿಯನ್ನು ಕಲಕಿದವೆನ್ನುವುದು ಪ್ರಸಿದ್ಧವಾದ ಕಾರಣ. ಗುಂಡು ಇರಬಹುದೆಂದು ವೈದ್ಯರು ಮೊದಲೇ ನಿಶ್ಚಯಿಸಿದ್ದ ಬದಿಯನ್ನಷ್ಟೇ ಹುಡುಕಗೊಟ್ಟರೆನ್ನುವುದು ಅಷ್ಟು ಪ್ರಸಿದ್ಧವಲ್ಲದ, ಆದರೆ ಹೆಚ್ಚು ಪಾಠ ಕಲಿಸುವ ಕಾರಣ. ಕಬ್ಬಿಣದ ಗದ್ದಲ ಮತ್ತು ಹುಡುಕುವವನ ಪೂರ್ವಗ್ರಹ ಇವೆರಡೂ ಇಂದಿಗೂ ಈ ಉಪಕರಣದ ಬೆನ್ನು ಬಿಟ್ಟಿಲ್ಲ.

ನಾಲ್ಕು ತಾಲ್ಲೂಕುಗಳ ಮಣ್ಣು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನೆಲ ಒಂದೇ ಜಾತಿಯದಲ್ಲ. ಜಮಖಂಡಿ-ರಬಕವಿಗಳ ಕೃಷ್ಣೆಯ ದಂಡೆಯ ಕಡೆಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಹೆಪ್ಪುಗಟ್ಟಿದ ದಖನ್ ಟ್ರ್ಯಾಪ್ ಬಸಾಲ್ಟು ಹಾಸಿದೆ. ಅದು ಸವೆದು ಆದ ಎರೆಮಣ್ಣು ಮೇಲಿದೆ. ಮುಧೋಳ, ಲೋಕಾಪುರ, ಬೀಳಗಿಗಳ ಕಡೆ ಅದಕ್ಕಿಂತ ಎಷ್ಟೋ ಹಳೆಯದಾದ ಕಲಾದಗಿ ಶ್ರೇಣಿಯ ಪದರಗಲ್ಲುಗಳಿವೆ: ಗಡುಸಾದ ಕ್ವಾರ್ಟ್ಸೈಟಿನ ಗುಡ್ಡಗಳು, ಸುಣ್ಣಕಲ್ಲು, ಕೆಂಪು-ನೇರಳೆ ಬಣ್ಣದ ಜೇಡಿಪದರಗಳು. ರಾಬರ್ಟ್ ಬ್ರೂಸ್ ಫೂಟನು 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನದ ವರದಿ ಈ ಪ್ರದೇಶದ ಮಟ್ಟಿಗೆ ಇಂದಿಗೂ ತೆಗೆದು ನೋಡಬೇಕಾದ ಗ್ರಂಥ.

ಇಲ್ಲಿ ಸಾಮಾನ್ಯ ತಿಳಿವಳಿಕೆಯೊಂದನ್ನು ತಿದ್ದಿಕೊಳ್ಳಬೇಕು. ಕೆಂಪು ನೆಲವೆಂದರೆ ಕಬ್ಬಿಣದ ನೆಲ, ಆದ್ದರಿಂದ ಯಂತ್ರಕ್ಕೆ ತೊಡಕಿನ ನೆಲ ಎಂದು ಭಾವಿಸುವುದು ರೂಢಿ. ಮಸಾರಿಗೆ ಕೆಂಪು ಬಣ್ಣ ಕೊಡುವ ಹೆಮಟೈಟ್ ಕಬ್ಬಿಣದ ಖನಿಜವೇ ಹೌದು, ಆದರೆ ಅದರ ಕಾಂತಗುಣ ಬಹಳ ದುರ್ಬಲ. ಯಂತ್ರವನ್ನು ಕಾಡುವುದು ಬಸಾಲ್ಟಿನೊಳಗಿರುವ ಕಪ್ಪು ಮ್ಯಾಗ್ನಟೈಟ್ ಕಣಗಳು ಮತ್ತು ಅವು ಹವೆಗೆ ಸಿಕ್ಕಿ ಮಾರ್ಪಟ್ಟ ಮ್ಯಾಗ್‌ಹೆಮೈಟ್. ಆದುದರಿಂದ ಕೆಂಪು ಕಾಣುವ ಮಸಾರಿಯಲ್ಲಿ ಸದ್ದಿಲ್ಲದೆ ಸಾಗಿದ ಯಂತ್ರ, ಕಪ್ಪು ಎರೆಹೊಲಕ್ಕೆ ಕಾಲಿಟ್ಟೊಡನೆ ಗೊಣಗತೊಡಗುವುದು ಅಚ್ಚರಿಯ ವಿಷಯವಲ್ಲ. ಪರೀಕ್ಷೆಗೆ ದುಬಾರಿ ಸಾಧನ ಬೇಕಿಲ್ಲ. ಒಂದು ಅಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಒಣಮಣ್ಣಿನಲ್ಲಿ ಎಳೆದರೆ ಅಂಟಿಕೊಳ್ಳುವ ಕಪ್ಪು ಪುಡಿ ಎಷ್ಟೆಂಬುದರಿಂದಲೇ ನೆಲದ ಸ್ವಭಾವ ಸ್ಥೂಲವಾಗಿ ತಿಳಿಯುತ್ತದೆ.

ಎರಡನೆಯ ತೊಡಕು ನೀರಾವರಿಯದು. ಘಟಪ್ರಭಾ ಕಾಲುವೆಯ ನೀರು ಕಬ್ಬಿಗೆ ಹರಿದು ಹರಿದು ಈ ಭಾಗದ ಬಹಳಷ್ಟು ಹೊಲಗಳು ಸವಳು-ಜವಳಿಗೆ ಸಿಲುಕಿವೆ. ಹಸಿಯಾದ ಸವಳು ವಿದ್ಯುತ್ತನ್ನು ಹಾಯಿಸುತ್ತದೆ. ಮ್ಯಾಗ್ನಟೈಟ್ ಕೊಡುವ ಮಾರ್ದನಿ ಬಹುಪಾಲು ತಡವಿಲ್ಲದ್ದು. ಸವಳಿನ ಮಾರ್ದನಿ ತಡವುಳ್ಳದ್ದು. ಒಂದನ್ನು ಅಳಿಸಲು ಯಂತ್ರವನ್ನು ಹೊಂದಿಸಿದರೆ ಇನ್ನೊಂದು ತಲೆಯೆತ್ತುತ್ತದೆ. ಎರಡೂ ಕೂಡಿರುವ ಹೊಲದಲ್ಲಿ ಒಂದೇ ಆವರ್ತನದ ಯಂತ್ರ ಹಿಡಿದು ಹೆಣಗುವುದಕ್ಕಿಂತ ಬೇಸಿಗೆಯವರೆಗೆ, ನೆಲ ಬಿರುಕು ಬಿಡುವವರೆಗೆ ಕಾಯುವುದು ಲೇಸು. ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರು ಇಳಿದಾಗ ತೆರೆದುಕೊಳ್ಳುವ ಜಮೀನಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಹತ್ತು ಹೆಜ್ಜೆಗೊಮ್ಮೆ ತೇವದ ಪ್ರಮಾಣ ಬದಲಾಗುವುದರಿಂದ ಮುಂಜಾನೆ ಮಾಡಿದ ಹೊಂದಾಣಿಕೆ ಮಧ್ಯಾಹ್ನಕ್ಕೆ ಉಳಿಯದು.

ಮೂರನೆಯದು ಜನವಸತಿಯ ಕಸ. ರಬಕವಿ-ಬನಹಟ್ಟಿಯ ಸುತ್ತ ಮಗ್ಗದ ಮೊಳೆ, ತಂತಿ, ಲಾಳಿಯ ಲೋಹದ ತುದಿ. ಹೊಲಗಳಲ್ಲಿ ಎತ್ತಿನ ಗೊರಸಿನ ಲಾಳ ಮತ್ತು ಅದರ ಮೊಳೆ. ನೇಕಾರನ ಲಾಳಿಯೂ ಒಕ್ಕಲಿಗನ ಲಾಳವೂ ಯಂತ್ರದ ಕಿವಿಗೆ ಒಂದೇ! ಇವುಗಳ ಮೇಲೆ ಈಗ ಗುಟಕಾ ಚೀಟಿನ ಅಲ್ಯುಮಿನಿಯಂ ಪದರ ಸೇರಿದೆ.

ಹೊಂದಾಣಿಕೆಯ ಕ್ರಮ

ಇಂಥ ನೆಲದಲ್ಲಿ ಮೊದಲು ಮಾಡಬೇಕಾದುದು ನೆಲದ ಸಮತೋಲ. ಲೋಹವಿಲ್ಲವೆಂದು ಖಚಿತಪಡಿಸಿಕೊಂಡ ಒಂದು ಗೇಣು ಜಾಗದ ಮೇಲೆ ತಟ್ಟೆಯನ್ನು ಮೊಳಕಾಲೆತ್ತರದಿಂದ ನೆಲದ ಸಮೀಪಕ್ಕೆ ಇಳಿಸುವುದು, ಮತ್ತೆ ಎತ್ತುವುದು. ಇಳಿಸಿದಾಗ ದನಿ ಏರಿದರೆ ಒಂದು ಕಡೆಗೆ, ಕುಗ್ಗಿದರೆ ಇನ್ನೊಂದು ಕಡೆಗೆ ಗುಂಡಿಯನ್ನು ತಿರುಗಿಸುತ್ತ, ಏರಿಳಿತಕ್ಕೆ ದನಿ ಬದಲಾಗದ ಬಿಂದುವನ್ನು ತಲುಪಬೇಕು. ಆಗ ಯಂತ್ರವು ಆ ಮಣ್ಣಿನ ಮಾರ್ದನಿಯನ್ನು ಶೂನ್ಯವೆಂದು ಗಣಿಸುತ್ತದೆ. ಇದನ್ನು ತಾನೇ ತಾನಾಗಿ ಮಾಡಿಕೊಳ್ಳುತ್ತ ಹೋಗುವ ಯಂತ್ರಗಳೂ ಇವೆ. ಅವು ಅನುಕೂಲವಾದರೂ ಅವುಗಳಲ್ಲೊಂದು ದೋಷವುಂಟು: ಆಳದ ಕ್ಷೀಣ ದನಿಯೊಂದರ ಮೇಲೆ ಮತ್ತೆ ಮತ್ತೆ ತಟ್ಟೆಯಾಡಿಸಿದರೆ ಯಂತ್ರ ಆ ವಸ್ತುವನ್ನೂ ಮಣ್ಣೆಂದೇ ತಿಳಿದು ಸುಮ್ಮನಾಗಿಬಿಡುತ್ತದೆ. ಪದೇ ಪದೇ ಬಂದ ಅಪಪಾಠವನ್ನೇ ಲಿಪಿಕಾರನು ಮೂಲವೆಂದು ನಂಬಿದಂತೆ. ಸರ್ವೇಕ್ಷಣೆಗೆ ಕೈಯಿಂದ ಮಾಡುವ ಸಮತೋಲವೇ ಉತ್ತಮ. ಮಸಾರಿಯಿಂದ ಎರೆಗೆ, ಒಣನೆಲದಿಂದ ಹಸಿನೆಲಕ್ಕೆ ದಾಟಿದಾಗಲೆಲ್ಲ ಅದನ್ನು ಮರಳಿ ಮಾಡಬೇಕು.

ಎರಡನೆಯದು ಸೂಕ್ಷ್ಮತೆ. ಹೊಸಬರು ಇದನ್ನು ತುದಿಗೇರಿಸುತ್ತಾರೆ. ಹೆಚ್ಚು ಸೂಕ್ಷ್ಮವಾದರೆ ಹೆಚ್ಚು ಆಳ ಎಂಬುದು ಅವರ ತರ್ಕ. ಸೌಮ್ಯವಾದ ನೆಲದಲ್ಲಿ ಅದು ಸರಿ. ಕಬ್ಬಿಣಾಂಶದ ನೆಲದಲ್ಲಿ ಮಣ್ಣಿನ ದನಿಯೂ ಅಷ್ಟೇ ಏರುವುದರಿಂದ ವಸ್ತುವಿನ ದನಿ ಅದರೊಳಗೆ ಮುಳುಗುತ್ತದೆ. ಗೊಣಗು ನಿಲ್ಲುವವರೆಗೆ ಸೂಕ್ಷ್ಮತೆಯನ್ನು ತಗ್ಗಿಸಿದಾಗ ಮೊದಲು ಕೇಳದ ಗುಂಡು ಕೇಳಿಸುವುದು ಅನುಭವಸಿದ್ಧ. ತಟ್ಟೆಯನ್ನು ನೆಲಕ್ಕೆ ಉಜ್ಜದೆ ಎರಡು-ಮೂರು ಸೆಂಟಿಮೀಟರ್ ಎತ್ತಿ ಹಿಡಿಯುವುದೂ ಇದೇ ಕಾರಣಕ್ಕೆ.

ಸುರುಳಿಯ ಆಯ್ಕೆ ಇವೆಲ್ಲಕ್ಕಿಂತ ಮುಖ್ಯವಾದುದು. ಒಂದರೊಳಗೊಂದು ವೃತ್ತವಾಗಿ ಸುತ್ತಿದ ಸುರುಳಿಯ ಕ್ಷೇತ್ರ ನೆಲದೊಳಗೆ ಬುಗುರಿಯಂತೆ ಇಳಿಯುತ್ತದೆ. ತಟ್ಟೆಯ ಅಡಿಯ ಅಷ್ಟೂ ಮಣ್ಣು ಒಮ್ಮೆಗೇ ಮಾತನಾಡುತ್ತದೆ. ಇಂಗ್ಲಿಷಿನ ಡಿ ಅಕ್ಷರದ ಆಕಾರದ ಎರಡು ಸುರುಳಿಗಳನ್ನು ಬೆನ್ನಿಗೆ ಬೆನ್ನು ತುಸು ಮೇಲೇರಿಸಿ ಜೋಡಿಸಿದ ಡಬಲ್-ಡಿ ಸುರುಳಿಯಲ್ಲಿ, ಅವು ಒಂದರ ಮೇಲೊಂದು ಬರುವ ಕಿರಿದಾದ ಪಟ್ಟಿಯಷ್ಟೇ ಚುರುಕಾಗಿರುತ್ತದೆ. ಅದರ ಕ್ಷೇತ್ರ ಕುಡಗೋಲಿನ ಅಲಗಿನಂತೆ ಇಳಿಯುತ್ತದೆ. ಮಣ್ಣಿನ ಪ್ರಭಾವ ಅಲ್ಲಿ ಕಡಿಮೆ, ಅಕ್ಕಪಕ್ಕದ ಎರಡು ವಸ್ತುಗಳನ್ನು ಬೇರ್ಪಡಿಸುವ ಶಕ್ತಿ ಹೆಚ್ಚು. ಕಬ್ಬಿಣದ ನೆಲಕ್ಕೆ ಇದೇ ತಕ್ಕುದು. ಗಾತ್ರದ ವಿಷಯದಲ್ಲೂ ಲೋಕರೂಢಿ ತಲೆಕೆಳಗಾಗುತ್ತದೆ. ಹನ್ನೊಂದು ಇಂಚಿನ ತಟ್ಟೆ ಆರು ಇಂಚಿನದಕ್ಕಿಂತ ಆಳಕ್ಕೆ ನೋಡುತ್ತದೆಂಬುದು ಸೌಮ್ಯ ನೆಲದ ಮಾತು. ದೊಡ್ಡ ತಟ್ಟೆ ಹೆಚ್ಚು ಮಣ್ಣನ್ನೂ ನೋಡುತ್ತದೆಯಾದ್ದರಿಂದ ಎರೆಯಲ್ಲಿ ಸಣ್ಣ ತಟ್ಟೆಯೇ ಸಣ್ಣ ವಸ್ತುವನ್ನು ಖಚಿತವಾಗಿ ತೋರುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಆವರ್ತನದಲ್ಲಿ ಇನ್ನೊಂದು ಇಕ್ಕಟ್ಟು. ಐದಾರು ಕಿಲೋಹರ್ಟ್ಸ್‌ನಂಥ ಕೆಳ ಆವರ್ತನ ಮಣ್ಣಿಗೆ ಅಷ್ಟಾಗಿ ಕದಡುವುದಿಲ್ಲ. ತಾಮ್ರಪಟದಂಥ ದೊಡ್ಡ, ಉತ್ತಮ ವಾಹಕವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ 1857ರ ಕಾಲದ ಕೇಪಿನ ಬಂದೂಕಿನ ತಾಮ್ರದ ಕೇಪು ಬೆರಳುಗುರಿಗಿಂತ ಚಿಕ್ಕದು. ಅರ್ಧ ಗ್ರಾಮಿಗಿಂತ ಹಗುರವಾದ ಚಿನ್ನದ ಹಣವೂ ಹಾಗೆಯೇ. ಇವು ಸಿಗಬೇಕಾದರೆ ಹದಿನೈದು-ಇಪ್ಪತ್ತು ಕಿಲೋಹರ್ಟ್ಸ್ ಬೇಕು. ಒಂದೇ ಜಾಗವನ್ನು ಎರಡು ಸಲ, ಎರಡು ಆವರ್ತನಗಳಲ್ಲಿ, ಎರಡನೆಯ ಸಲ ಅಡ್ಡದಿಕ್ಕಿನಲ್ಲಿ ನಡೆಯುವುದಲ್ಲದೆ ಬೇರೆ ದಾರಿಯಿಲ್ಲ.

ಕಬ್ಬಿಣವನ್ನು ಅಳಿಸುವ ಗುಂಡಿ

ಈ ಉಪಕರಣಗಳಲ್ಲೆಲ್ಲ ಇರುವ ಒಂದು ಸೌಲಭ್ಯದ ಬಗೆಗೆ ಕನ್ನಡ ಸಂಶೋಧಕರು ಎಚ್ಚರದಿಂದಿರಬೇಕು. ಅದು ಲೋಹವಿವೇಚನೆಯ ಗುಂಡಿ. ಅದನ್ನು ತಿರುಗಿಸಿದರೆ ಕಬ್ಬಿಣದ ದನಿಗಳೆಲ್ಲ ಮೌನವಾಗಿ, ಸೀಸ, ತಾಮ್ರ, ಬೆಳ್ಳಿ, ಚಿನ್ನಗಳಷ್ಟೇ ಕೇಳಿಸುತ್ತವೆ. ನಿಧಿ ಹುಡುಕುವವನಿಗೆ ಇದು ವರ. ಮೊಳೆ-ಲಾಳಗಳಿಂದ ಬೇಸತ್ತ ಸರ್ವೇಕ್ಷಕನೂ ಮೊದಲ ಗಂಟೆಯಲ್ಲೇ ಇದಕ್ಕೆ ಕೈಹಾಕುತ್ತಾನೆ.

ಹಲಗಲಿಯ ನೆಲದಲ್ಲಿ ಇದನ್ನು ತಿರುಗಿಸಿದರೆ ಏನಾಗುತ್ತದೆಂಬುದನ್ನು ಯೋಚಿಸಬೇಕು. ದಂಡಿನವರ ಬಂದೂಕು ಹಾರಿಸಿದ್ದು ಸೀಸದ ಗುಂಡು; ಅದು ಕೇಳಿಸುತ್ತದೆ. ಬೇಡರಲ್ಲೂ ಬಂದೂಕುಗಳಿದ್ದವು, ಅವುಗಳ ಸೀಸವೂ ಕೇಳಿಸುತ್ತದೆ. ಆದರೆ ಕತ್ತಿ, ಭರ್ಚಿ, ಬಾಣದ ಮೊನೆ ಎಲ್ಲವೂ ಕಬ್ಬಿಣ. ಸುಟ್ಟ ಮನೆಗಳ ಚಿಲಕ, ಅಗುಳಿ, ಮೊಳೆ ಕಬ್ಬಿಣ. ಲಾವಣಿಯು ಲೂಟಿಯಾದ ವಸ್ತುಗಳನ್ನು ಎಣಿಸುವಾಗ ಮಂಗಳಸೂತ್ರವನ್ನೂ ಅಡುಗೆಯ ಸಾಮಗ್ರಿಯನ್ನೂ ಹೇಳುವಂತೆ ಕೊಡಲಿ, ಕುಡಗಳಂಥ ಒಕ್ಕಲುತನದ ಕಬ್ಬಿಣವನ್ನೂ ಮರೆಯದೆ ಹೇಳುತ್ತದೆ. ವಿವೇಚನೆಯ ಗುಂಡಿಯ ಒಂದು ತಿರುವಿಗೆ ಇವೆಲ್ಲ ದಾಖಲೆಯಿಂದ ಹೊರಗುಳಿಯುತ್ತವೆ. ಉಳಿಯುವುದು ಬಹುಮಟ್ಟಿಗೆ ಗುಂಡು ಹಾರಿಸಿದವರ ನಕಾಶೆ. ಆಡಳಿತದ ವರದಿ ಹೇಳುವ ಕಥೆಯನ್ನೇ ನೆಲದಿಂದಲೂ ಹೇಳಿಸಿದಂತಾಗುತ್ತದೆ. ಹೀಗೆ ಯಂತ್ರದ ಹೊಂದಾಣಿಕೆ ಕೇವಲ ತಾಂತ್ರಿಕ ಸಂಗತಿಯಾಗಿ ಉಳಿಯದೆ, ಯಾವ ಪಾಠವನ್ನು ಉಳಿಸಬೇಕು ಯಾವುದನ್ನು ಅಡಿಟಿಪ್ಪಣಿಗೂ ಸೇರಿಸದೆ ಬಿಡಬೇಕು ಎಂಬ ಸಂಪಾದಕೀಯ ತೀರ್ಮಾನವಾಗಿಬಿಡುತ್ತದೆ. ಗ್ರಂಥಸಂಪಾದನೆಯಲ್ಲಾದರೆ ಕೈಬಿಟ್ಟ ಪಾಠಾಂತರವನ್ನು ಇನ್ನೊಬ್ಬ ವಿದ್ವಾಂಸ ಹಸ್ತಪ್ರತಿ ನೋಡಿ ಹಿಂದಕ್ಕೆ ತರಬಲ್ಲ. ಇಲ್ಲಿ ಮುಂದಿನ ಉಳುಮೆಗೆ ಹಸ್ತಪ್ರತಿಯೇ ಕದಲಿರುತ್ತದೆ.

ತಾಂತ್ರಿಕವಾಗಿಯೂ ಈ ಗುಂಡಿಯನ್ನು ನಂಬುವಂತಿಲ್ಲ. ಕಾಂತಗುಣದ ಮಣ್ಣಿನಲ್ಲಿ ಆಳಕ್ಕಿಳಿದ ಸೀಸದ ಗುಂಡಿನ ಕ್ಷೀಣ ಮಾರ್ದನಿಯೊಂದಿಗೆ ಮಣ್ಣಿನದೂ ಬೆರೆತು ಅದು ಕಬ್ಬಿಣದಂತೆಯೇ ತೋರುತ್ತದೆ. ಮೊಳೆಯೊಂದರ ಮಗ್ಗುಲಲ್ಲಿ ಬಿದ್ದ ತಾಮ್ರದ ಕೇಪು ಮೊಳೆಯ ಜೊತೆಗೇ ಮೌನವಾಗುತ್ತದೆ. ತದ್ವಿರುದ್ಧವಾಗಿ, ತುಕ್ಕು ಹಿಡಿದ ಚಪ್ಪಟೆ ಕಬ್ಬಿಣ ಮತ್ತು ಹಳೆಯ ಕುಲುಮೆಗಳ ಕಿಟ್ಟ ಒಮ್ಮೊಮ್ಮೆ ಬೆಲೆಬಾಳುವ ಲೋಹದಂತೆ ಕೂಗುತ್ತವೆ. ಹಳ್ಳೂರಿನ ಉತ್ಖನನದಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು ತೋರಿಸಿಕೊಟ್ಟಂತೆ ಕಬ್ಬಿಣದ ಬಳಕೆ ಅಷ್ಟು ಪ್ರಾಚೀನವಾಗಿರುವ ನಾಡಿನಲ್ಲಿ ಕಿಟ್ಟವನ್ನು ಕಸವೆನ್ನುವುದೂ ಸಾಧುವಲ್ಲ.

ಈ ವಿಷಯದಲ್ಲಿ ಅಮೆರಿಕದ ಲಿಟ್ಲ್ ಬಿಗ್‌ಹಾರ್ನ್ ಕಾಳಗದ ಬಯಲಿನ ಅಧ್ಯಯನ ಉಪಯುಕ್ತ ಮಾದರಿ. 1876ರ ಜೂನಿನಲ್ಲಿ ಮೂಲನಿವಾಸಿ ಬುಡಕಟ್ಟುಗಳು ಕಸ್ಟರನ ಕುದುರೆಪಡೆಯನ್ನು ಅಳಿಸಿಹಾಕಿದ ಆ ಬಯಲು 1983ರಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಬೋಳಾಯಿತು. ಅದರ ಮರುವರ್ಷದಿಂದ ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ಲೋಹಶೋಧಕಗಳೊಂದಿಗೆ ಸಾಲು ಹಿಡಿದು ನಡೆಸಿದರು. ದನಿ ಬಂದಲ್ಲೆಲ್ಲ ಬಾವುಟ ನೆಟ್ಟು, ಪ್ರತಿ ವಸ್ತುವಿನ ಸ್ಥಾನವನ್ನು ಅಳೆದು ಗುರುತಿಸಿದ ಮೇಲೆಯೇ ಎತ್ತಲಾಯಿತು. ಕಾಡತೂಸುಗಳ ಮೇಲಿನ ಗುರುತುಗಳಿಂದ ಒಂದೊಂದು ಬಂದೂಕು ಬಯಲಿನಲ್ಲಿ ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದನ್ನೂ ಹಿಂಬಾಲಿಸಲು ಸಾಧ್ಯವಾಯಿತು. ಸೈನ್ಯ ಕೊನೆಯವರೆಗೆ ಶಿಸ್ತಿನಿಂದ ನಿಂತು ಕಾದಿತೆಂಬ ಜನಪ್ರಿಯ ಚಿತ್ರಕ್ಕಿಂತ, ಅದರ ವ್ಯವಸ್ಥೆ ಮುರಿದು ಬಿದ್ದಿತೆಂಬ ಮೂಲನಿವಾಸಿಗಳ ಬಾಯಿಮಾತಿನ ನಿರೂಪಣೆಗೆ ಈ ಸಾಕ್ಷ್ಯ ಹತ್ತಿರವಾಗಿತ್ತು. ಬಹುಕಾಲ ನಂಬಲರ್ಹವಲ್ಲವೆಂದು ಬದಿಗೆ ಸರಿಸಿದ್ದ ಮಾತುಗಳವು. ಹಲಗಲಿಯ ಲಾವಣಿಯನ್ನು ಓದುವವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. 1857ರ ಕಾಗದದ ತೋಟಾಗಳು ಲೋಹದ ಕಾಡತೂಸಿನಂತೆ ನೆಲದಲ್ಲಿ ಉಳಿಯುವಂಥವಲ್ಲವೆಂಬ ವ್ಯತ್ಯಾಸ ಮಾತ್ರ ನೆನಪಿರಬೇಕು. ಇಲ್ಲಿ ಅವುಗಳ ಜಾಗದಲ್ಲಿ ಮಾತನಾಡಬೇಕಾದುದು ಕೇಪು ಮತ್ತು ಗುಂಡು.

ಸುಟ್ಟ ಮಣ್ಣು

ಊರಿಗೆ ಬೆಂಕಿಯಿಟ್ಟ ಸಂಗತಿ ಇನ್ನೊಂದು ದಿಕ್ಕಿನಿಂದಲೂ ಮುಖ್ಯವಾಗುತ್ತದೆ. ಮಣ್ಣು ಕಾದಾಗ ಅದರೊಳಗಿನ ದುರ್ಬಲ ಕಾಂತಗುಣದ ಕಬ್ಬಿಣದ ಖನಿಜಗಳು ಮ್ಯಾಗ್ನಟೈಟ್ ಮತ್ತು ಮ್ಯಾಗ್‌ಹೆಮೈಟ್‌ಗಳಾಗಿ ಮಾರ್ಪಡುತ್ತವೆ. ಫ್ರಾನ್ಸಿನ ಲೆ ಬೋರ್ನ್ಯ 1955ರಲ್ಲಿ ಮೇಲ್ಮಣ್ಣಿನ ಅಸಹಜ ಕಾಂತಗುಣವನ್ನು ಕುರಿತು ಪ್ರಕಟಿಸಿದ ಅಧ್ಯಯನದಿಂದ ಈ ವಿಚಾರ ಪುರಾತತ್ತ್ವಕ್ಕೆ ಬಂದಿತು. ಒಲೆ, ಆವಿಗೆ, ಸುಟ್ಟ ಮಣ್ಣಿನ ಗೋಡೆ, ಹಾಳೂರ ದಿಬ್ಬ ಇವೆಲ್ಲ ಸುತ್ತಲಿನ ನೆಲಕ್ಕಿಂತ ಹೆಚ್ಚು ಕಾಂತಗುಣ ಪಡೆದಿರುವುದು ಇದರಿಂದ. ನಾಡಿಯಂತೆ ಬಿಟ್ಟು ಬಿಟ್ಟು ವಿದ್ಯುತ್ತು ಹಾಯಿಸಿ, ನಿಲ್ಲಿಸಿದ ಮೇಲಿನ ಮಾರ್ದನಿಯನ್ನು ಮಾತ್ರ ಕೇಳುವ ಪಲ್ಸ್ ಇಂಡಕ್ಷನ್ ಯಂತ್ರಗಳು ಬಸಾಲ್ಟಿನ ದಪ್ಪ ಮ್ಯಾಗ್ನಟೈಟ್ ಕಣಗಳನ್ನು ಲೆಕ್ಕಿಸುವುದಿಲ್ಲ, ಏಕೆಂದರೆ ಅವುಗಳ ಪ್ರತಿಕ್ರಿಯೆ ಆ ಕ್ಷಣಕ್ಕೇ ಮುಗಿದಿರುತ್ತದೆ. ಸುಟ್ಟ ಮಣ್ಣಿನ ಅತಿಸೂಕ್ಷ್ಮ ಕಣಗಳಾದರೋ ನಿಧಾನವಾಗಿ ಆರುತ್ತವೆ. ಆ ಯಂತ್ರಗಳಿಗೂ ಅವು ಲೋಹದಂತೆ ಕೇಳುತ್ತವೆ.

ನಿಧಿಗಾಗಿ ಬಂದವನಿಗೆ ಇದು ಪೀಡೆ. ಸಂಶೋಧಕನಿಗೆ ಇದೇ ಮಾಹಿತಿ. ನೆಲದ ಸಮತೋಲದ ಅಂಕಿಯನ್ನು ಪ್ರತಿ ಐದು ಮೀಟರಿಗೊಮ್ಮೆ ಬರೆದಿಟ್ಟುಕೊಂಡು ನಕಾಶೆಯ ಮೇಲೆ ಹಾಕಿದರೆ, ಲೋಹವೊಂದೂ ಸಿಗದ ಹೊಲದಲ್ಲಿಯೂ ಸುಟ್ಟ ನೆಲೆಯ ಅಂಚು ಸ್ಥೂಲವಾಗಿ ಮೂಡಬಹುದು. ಅದನ್ನು ಮಣ್ಣಿನ ಕಾಂತಗುಣ ಅಳೆಯುವ ಉಪಕರಣದಿಂದ ದೃಢಪಡಿಸಿಕೊಳ್ಳುವುದು ಅಗತ್ಯ. ಆ ಬೆಂಕಿ 1857ರದೋ, ಮೊನ್ನೆಯ ರವದಿ ಸುಟ್ಟದ್ದೋ ಎಂಬುದನ್ನು ಯಾವ ಅಂಕಿಯೂ ಹೇಳದು.

ಇಂಥ ಕೆಲಸಕ್ಕಿಳಿಯುವ ವಿಭಾಗಗಳು ಕಾನೂನಿನ ಕೆಲವು ಸಂಗತಿಗಳನ್ನು ಅರಿತಿರಬೇಕು. ನೆಲದಲ್ಲಿ ಅಡಗಿದ್ದು ದೊರೆತ ಬೆಲೆಯುಳ್ಳ ವಸ್ತುವಿನ ವಿಷಯವನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಟ್ಟಳೆ 1878ರ ನಿಧಿ ಕಾಯಿದೆಯಿಂದಲೇ ಬಂದುದು. 1972ರ ಪುರಾವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತು ಪುರಾವಸ್ತುವೆನಿಸುತ್ತದೆ. 1857ರ ಗುಂಡೂ ಅದರೊಳಗೆ ಬರುತ್ತದೆ. ಪುರಾತತ್ತ್ವ ಇಲಾಖೆಯ ಅನುಮತಿ ಮತ್ತು ಅದರ ತಜ್ಞರ ಜೊತೆಯಿಲ್ಲದೆ ಸಲಿಕೆ ಹಿಡಿಯುವಂತಿಲ್ಲ. ಮುಧೋಳ-ಬೀಳಗಿ ತಾಲ್ಲೂಕುಗಳ ನಡುವಿನ ಯಡಹಳ್ಳಿ ಪ್ರದೇಶ 2016ರಲ್ಲಿ ಚಿಂಕಾರಾ ವನ್ಯಧಾಮವಾಗಿರುವುದರಿಂದ ಅತ್ತ ಹೆಜ್ಜೆಯಿಡಲು ಅರಣ್ಯ ಇಲಾಖೆಯ ಒಪ್ಪಿಗೆಯೂ ಬೇಕು. ಹೊಲದ ಒಡೆಯರ ಒಪ್ಪಿಗೆಯಂತೂ ಮೊದಲ ಮಾತು.

ಸರ್ವೇಕ್ಷಣೆಗೆ ಮುನ್ನ ಅದೇ ಹೊಲದ ಮೂಲೆಯಲ್ಲಿ ಒಂದು ಪರೀಕ್ಷಾ ಮಡಿ ಮಾಡಿಕೊಳ್ಳುವುದು ಒಳ್ಳೆಯದು. ತೂಕ ಗೊತ್ತಿರುವ ಸೀಸದ ಗೋಲಿ, ತಾಮ್ರದ ಚೂರು, ಹಳೆಯ ಮೊಳೆಗಳನ್ನು ಹತ್ತು, ಇಪ್ಪತ್ತು, ಮೂವತ್ತು ಸೆಂಟಿಮೀಟರ್ ಆಳದಲ್ಲಿ ಹೂತು, ಯಾವ ತಟ್ಟೆ, ಯಾವ ಆವರ್ತನ, ಎಷ್ಟು ಸೂಕ್ಷ್ಮತೆಗೆ ಏನು ಕೇಳುತ್ತದೆಂದು ಬರೆದಿಡಬೇಕು. ಆ ಬಳಿಕ ಮೀಟರ್ ಅಂತರದ ಹಗ್ಗಗಳ ನಡುವೆ, ವಿವೇಚನೆಯ ಗುಂಡಿಯನ್ನು ಸೊನ್ನೆಯಲ್ಲಿಟ್ಟು, ಪ್ರತಿ ದನಿಗೂ ಬಾವುಟ ನೆಡುತ್ತ ಹೋಗಬೇಕು. ಯಂತ್ರ ಕಬ್ಬಿಣವೆಂದದ್ದಕ್ಕೆ ಒಂದು ಬಣ್ಣ, ಅಲ್ಲವೆಂದದ್ದಕ್ಕೆ ಇನ್ನೊಂದು. ಕ್ಷೇತ್ರಪುಸ್ತಕದಲ್ಲಿ ದನಿಯ ಸ್ಥಾನದ ಜೊತೆಗೆ ಆ ಹೊತ್ತಿನ ಹೊಂದಾಣಿಕೆ, ಮಣ್ಣಿನ ಬಣ್ಣ, ತೇವ, ಹಿಂದಿನ ಬೆಳೆ ದಾಖಲಾಗಬೇಕು. ಎತ್ತಿದ ಕಬ್ಬಿಣವನ್ನು ತೊಳೆಯಬಾರದು, ಉಜ್ಜಬಾರದು. ಅಂಟಿದ ಮಣ್ಣಿನೊಂದಿಗೇ ಒಣಗಿಸಿ, ಸಂಖ್ಯೆ ಬರೆದು, ತೇವ ಸೇರದಂತೆ ಮುಚ್ಚಿ ಇಲಾಖೆಯ ಸಂರಕ್ಷಣಾ ತಜ್ಞರಿಗೆ ಒಪ್ಪಿಸಬೇಕು. ಗುಂಡಿ ಮುಚ್ಚುವ ಮೊದಲು ಸಣ್ಣ ತಟ್ಟೆಯನ್ನು ಅದರೊಳಗೂ, ತೆಗೆದು ಗುಡ್ಡೆ ಹಾಕಿದ ಮಣ್ಣಿನ ಮೇಲೂ ಇನ್ನೊಮ್ಮೆ ಆಡಿಸಬೇಕು. ಮೊಳೆಯ ಮರೆಯಲ್ಲಿದ್ದ ಕೇಪು ಸಾಮಾನ್ಯವಾಗಿ ದೊರೆಯುವುದು ಆಗ.